ಕರೆಂಟ್ ಕಂಪನಿ ಬದಲಾಗುವ ಮೊದಲು ಮನೆಯವರು ಮಾಡಿಕೊಳ್ಳಬೇಕಾದ ಕೆಲಸಗಳು

'ಕರೆಂಟ್ ಖಾಸಗಿಯವರ ಕೈಗೆ ಹೋಗುತ್ತಂತೆ' ಎಂಬ ಮಾತು ಕಲಬುರಗಿಯಲ್ಲಿ ಆಗಾಗ ಕೇಳುತ್ತದೆ. ಸುಮ್ನೆ ಹುಟ್ಟಿದ ಮಾತಲ್ಲ. 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದ ವಿದ್ಯುತ್ ತಿದ್ದುಪಡಿ ಮಸೂದೆ, ಒಂದೇ ಊರಲ್ಲಿ ಇರುವ ತಂತಿಯ ಮೇಲೆಯೇ ಹಲವು ಕಂಪನಿಗಳು ಕರೆಂಟ್ ಮಾರಲು ದಾರಿ ಮಾಡುವಂಥದ್ದು. ಅದು ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ. ಆದರೆ 1 ಮೆಗಾವಾಟ್‌ಗಿಂತ ಜಾಸ್ತಿ ಬೇಕಾದ ಕಾರ್ಖಾನೆಗಳು ಬೇರೆಯವರಿಂದ ಕರೆಂಟ್ ಕೊಳ್ಳಲು ಈಗಾಗಲೇ ಅವಕಾಶವಿದೆ. ಅವರು ಕಟ್ಟುವ ಹೆಚ್ಚಿನ ದರದಲ್ಲೇ ಮನೆ, ಪಂಪ್‌ಸೆಟ್‌ಗಳ ದರ ಸ್ವಲ್ಪ ತಗ್ಗುತ್ತದೆ. ಅವರು ಎದ್ದು ಹೋದರೆ ಹೊರೆ ಯಾರ ಮೇಲೆ? ನಮ್ಮ ಮೇಲೇ ಅಲ್ವಾ.

ಮೊದಲು ಬಿಲ್ ಓದಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಸೊನ್ನೆ ಬಿಲ್ ಬಂದವರು ಅದನ್ನು ಮಡಚಿ ಬಿಸಾಡುತ್ತಾರೆ. ಕೂಲರ್ ಬಿಡದೆ ಓಡುವ ಏಪ್ರಿಲ್‌ನಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಆಗ ರೀಡಿಂಗ್ ತಪ್ಪು ಎನ್ನಲು ಹಳೇ ಬಿಲ್ ಬೇಕು. ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ), ಮಂಜೂರಾದ ಲೋಡ್ (ಮನೆಗೆ ಒಪ್ಪಿಗೆಯಾದ ಕಿಲೋವಾಟ್), ಠೇವಣಿ ಮೊತ್ತ ಬರೆದಿಟ್ಟುಕೊಳ್ಳಿ. ನಿಗದಿತ ಶುಲ್ಕ ಲೋಡಿನ ಮೇಲೆ ಬರುತ್ತದೆ. ಠೇವಣಿಗೆ ಕಾನೂನಿನ ಪ್ರಕಾರ ಬಡ್ಡಿ ಕೊಡಲೇಬೇಕು. ಕಂಪನಿ ಬದಲಾದ ದಿನ ಈ ಲೆಕ್ಕ ಕೇಳುವವರು ನೀವೇ.

ಮೀಟರ್ ಜಾಸ್ತಿ ಓಡುತ್ತಿದೆ ಎನಿಸಿದರೆ ಲೈನ್‌ಮನ್‌ಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ, ದೂರು ಬಂದ 5 ದಿನದಲ್ಲಿ ಪಕ್ಕದಲ್ಲೊಂದು ಚೆಕ್ ಮೀಟರ್ ಹಾಕಬೇಕು. ಕನಿಷ್ಠ 3 ತಿಂಗಳು ಇಟ್ಟು ತಾಳೆ ನೋಡಬೇಕು.

ಬಾಕಿಗೆ ಕರೆಂಟ್ ಕಡಿಯುವ ಮೊದಲು 15 ದಿನದ ಲಿಖಿತ ನೋಟಿಸ್ ಬರಲೇಬೇಕು. ಬಿಲ್ ಬಗ್ಗೆ ತಕರಾರಿದೆಯೇ? ಕೇಳಿದ ಹಣವನ್ನು, ಇಲ್ಲವೇ ಹಿಂದಿನ 6 ತಿಂಗಳ ಸರಾಸರಿಯಂತೆ ಲೆಕ್ಕ ಹಾಕಿದ ಹಣವನ್ನು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು 'ಆಕ್ಷೇಪಣೆಯೊಂದಿಗೆ' ಎಂದು ಬರೆದು ಕಟ್ಟಿ. ತಕರಾರು ತೀರುವವರೆಗೆ ಕಡಿಯುವಂತಿಲ್ಲ. ಬಿಲ್‌ನಲ್ಲಿ ತೋರಿಸದೇ ಬಿಟ್ಟ 2 ವರ್ಷಕ್ಕಿಂತ ಹಳೇ ಬಾಕಿಯನ್ನು ವಸೂಲಿ ಮಾಡಲೂ ಕಾನೂನು ಬಿಡುವುದಿಲ್ಲ. ಇದೆಲ್ಲ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಲ್ಲಿದೆ. ನಂಬರ್ ಸಮೇತ ಅರ್ಜಿಯಲ್ಲಿ ಹಾಕಿ, ಮಾತಿಗೆ ತೂಕ ಬರುತ್ತದೆ.

ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಕರೆ ಮಾಡಿದಾಗ ದೂರಿನ ನಂಬರ್ ಕೇಳಿ ಪಡೆಯಿರಿ. ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್.

ಇಷ್ಟೆಲ್ಲಾ ದರ ಏರಿದ ಮೇಲಿನ ಪರದಾಟ. ಏರುವ ಮೊದಲೇ ಮಾತಾಡುವ ಜಾಗ ಒಂದೇ: ದರ ನಿಗದಿ ಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ವಿಚಾರಣೆ. ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಜೆಸ್ಕಾಂ ದರದ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಉದ್ಯಮಿಗಳು ವಕೀಲರನ್ನು ಕಳಿಸುತ್ತಾರೆ. ಮನೆಯವರ ಕುರ್ಚಿ ಖಾಲಿ. ಹಾಗಾಗಿ ಓಣಿಯ ನಾಲ್ಕು ಮನೆಯವರು ಸೇರಿ ಕನ್ನಡದಲ್ಲೇ ಆಕ್ಷೇಪಣೆ ಬರೆಯಿರಿ. 'ದರ ಏರಿಸಬೇಡಿ' ಎಂದರೆ ಸಾಲದು. ತಂತಿಯಲ್ಲಿ ಸೋರುವ, ಕಳವಾಗುವ ಕರೆಂಟಿನ ನಷ್ಟವನ್ನು ನಮ್ಮ ಬಿಲ್‌ಗೆ ಏಕೆ ಸೇರಿಸುತ್ತೀರಿ, ನಿಗದಿತ ಶುಲ್ಕ ಯಾವ ಖರ್ಚಿಗೆ ಎಂದು ಕೇಳಿ. ಪ್ರಕಟಣೆಯಲ್ಲಿರುವ ಕೊನೇ ದಿನದೊಳಗೆ ಆಯೋಗಕ್ಕೊಂದು, ಜೆಸ್ಕಾಂಗೊಂದು ಪ್ರತಿ ಕಳಿಸಿ. ವಿಚಾರಣೆಯ ದಿನ ನೀವೇ ಹೋಗಿ ಎದ್ದು ಮಾತಾಡಿ.