ಹಳೆ ಪಿಕಪ್‌ಗೆ ಗಟ್ಟಿ ಆಕ್ಸಲ್: ಪಿನಿಯನ್ ಮೂತಿ ನೋಡದೆ ವೆಲ್ಡಿಂಗ್ ಮಾಡಿಸಬೇಡಿ

ಶಹಾಬಾದ್, ಚಿತ್ತಾಪುರದ ಕಡೆಯಿಂದ ಪರಸಿ ಕಲ್ಲು ಹೊತ್ತು ಕಲಬುರಗಿಗೆ ಬರುವ ಹಳೆ ಪಿಕಪ್‌ಗಳನ್ನು ಹಿಂದಿನಿಂದ ನೋಡಿ. ಕೆಲವದರ ಹಿಂದಿನ ಟೈರ್‌ಗಳ ತಲೆ ಒಳಕ್ಕೆ ವಾಲಿರುತ್ತದೆ. ಅಂದರೆ ಆಕ್ಸಲ್ ಹೌಸಿಂಗ್, ಆಕ್ಸಲ್‌ನ ಹೊರಗಿನ ಕೊಳವೆ, ಬಗ್ಗಿದೆ. ಅಂಥ ಗಾಡಿಗೆ ಗಟ್ಟಿ ಆಕ್ಸಲ್ ಹಾಕಿಸುವುದು ಸರಿಯಾದ ಯೋಚನೆಯೇ, ಆದರೆ ಜನ ಗುಜರಿಯಿಂದ ಹೌಸಿಂಗ್ ತಂದು ಒಂದೇ ದಿನದಲ್ಲಿ ಬೆಸುಗೆ ಹಾಕಿಸಿ ಮರುದಿನ ಬೆಳಿಗ್ಗೆ ಲೋಡ್‌ಗೆ ಹೊರಡುತ್ತಾರೆ. ಜೇವರ್ಗಿ ರಸ್ತೆಯಲ್ಲಿ ಹೀಗೆ ಹೊರಟ ಒಂದು ಗಾಡಿಯ ಯುಜೆ ಕ್ರಾಸ್ (ಶಾಫ್ಟ್ ತುದಿಯ ಕೀಲು) ನಾಲ್ಕನೇ ದಿನಕ್ಕೆ ಮುರಿದು, ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಡಾಂಬರಿಗೆ ಬಡಿದು ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಆಕ್ಸಲ್ ಗಟ್ಟಿಯೇ ಇತ್ತು, ಕೂರಿಸಿದ್ದೇ ತಪ್ಪು.

ಮೊದಲು ಕಾಗದದ ಮಾತು. ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ, ಒಪ್ಪಿಗೆ ಬರಹದಲ್ಲೇ ತೆಗೆದುಕೊಳ್ಳಿ. ಆಕ್ಸಲ್ ದಪ್ಪ ಆಯ್ತು ಅಂತ ಹೊರುವ ತೂಕದ ಮಿತಿ ಜಾಸ್ತಿ ಆಗುವುದಿಲ್ಲ. ಮಿತಿ ಮೀರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಅಲ್ಲದೆ ಚಾಸಿ, ಕಮಾನ್ ಪಟ್ಟಿ, ಮುಂದಿನ ಬ್ರೇಕ್ ಎಲ್ಲಾ ಹಳೆಯವೇ ಅಲ್ವಾ?

ಇನ್ನು ಆಕ್ಸಲ್ ಆರಿಸುವುದು. ನನ್ನ ಮಾತು ಕೇಳುವುದಾದರೆ ಫುಲ್ ಫ್ಲೋಟಿಂಗ್ ಆಕ್ಸಲನ್ನೇ ತನ್ನಿ. ಸೆಮಿ ಫ್ಲೋಟಿಂಗ್‌ನಲ್ಲಿ ಒಳಗಿನ ಶಾಫ್ಟೇ ಗಾಡಿಯ ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ಅದು ತುದಿಯಲ್ಲಿ ಮುರಿದರೆ ಚಕ್ರವೇ ಹೊರಗೆ ಬರುತ್ತದೆ. ಫುಲ್ ಫ್ಲೋಟಿಂಗ್‌ನಲ್ಲಿ ಭಾರ ಹೊರುವುದು ಹೌಸಿಂಗ್, ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ. ಬ್ರೇಕ್ ಡ್ರಮ್, ಹಬ್ ಸಮೇತ ಇಡೀ ಆಕ್ಸಲ್ ಕೊಳ್ಳಿ. ಬರೀ ಹೌಸಿಂಗ್ ತಂದು ಉಳಿದದ್ದನ್ನು ಅಲ್ಲಿಲ್ಲಿ ಕೂಡಿಸಿದರೆ ಕೊನೆಗೆ ಖರ್ಚೇ ಜಾಸ್ತಿ.

ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ರೇಶಿಯೋ, ಅದನ್ನು ಗುಜರಿಯಲ್ಲೇ ಎಣಿಸಿಬಿಡಿ. ಒಂದು ಕಡೆಯ ಹಬ್ ಅಲ್ಲಾಡದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪಿನಿಯನ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಗೇರ್, ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೋ. ಹಳೆಯದು 4.1, ಹೊಸದು 4.88 ಇದ್ದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ನೂರಕ್ಕೆ 19ರಷ್ಟು ಜಾಸ್ತಿ ತಿರುಗಬೇಕು. ಲೋಡ್ ಎಳೆಯುವುದು ಸಲೀಸು, ಆದರೆ ಹುಮನಾಬಾದ್ ಹೆದ್ದಾರಿಯಲ್ಲಿ ಗಾಡಿ ಕಿರುಚುತ್ತದೆ. ಗೇರ್‌ಬಾಕ್ಸ್‌ನಿಂದ ನಡೆಯುವ ಮೀಟರ್ ಇದ್ದರೆ ವೇಗವನ್ನೂ ಹೆಚ್ಚಿಗೆ ತೋರಿಸುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಗೆ ಮುಂದಿನ, ಹಿಂದಿನ ರೇಶಿಯೋ ಎರಡೂ ಒಂದೇ ಇರಬೇಕು, ಇದರಲ್ಲಿ ರಾಜಿ ಇಲ್ಲ.

ಹಳೆಯದನ್ನು ಬಿಚ್ಚುವುದು ಸುಲಭ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟ್, ಕಮಾನಿಗೆ ಆಕ್ಸಲ್ ಕಟ್ಟುವ ಯು ಬೋಲ್ಟ್ ಬಿಚ್ಚಿ ಇಳಿಸಿ.

ಈಗ ಎಲ್ಲರೂ ಎಡವುವ ಜಾಗ. ಹೊಸ ಆಕ್ಸಲ್ ಮೇಲಿನ ಸ್ಪ್ರಿಂಗ್ ಪ್ಯಾಡ್ (ಕಮಾನು ಕೂರುವ ತಟ್ಟೆ) ನಿಮ್ಮ ಕಮಾನಿನ ಅಗಲಕ್ಕೆ ಹೊಂದುವುದು ಅಪರೂಪ, ಅದನ್ನು ಕತ್ತರಿಸಿ ಹೊಸ ಪ್ಯಾಡ್ ಬೆಸೆಯಬೇಕು. ಮೊದಲೇ ಬೆಸೆಯಬೇಡಿ. ಪ್ಯಾಡ್‌ಗಳನ್ನು ಸುಮ್ನೆ ಇಟ್ಟು ಕಮಾನು ಕೂರಿಸಿ, ಸೆಂಟರ್ ಬೋಲ್ಟ್‌ನ ತಲೆ ತೂತಿನೊಳಗೆ ಸರಿಯಾಗಿ ಇಳಿದಿದೆಯಾ ನೋಡಿ, ಯು ಬೋಲ್ಟ್ ಸಡಿಲವಾಗಿ ಬಿಗಿಯಿರಿ. ಚಕ್ರ ಹಾಕಿ ಗಾಡಿಯನ್ನು ಸಮತಟ್ಟು ನೆಲಕ್ಕೆ ಇಳಿಸಿ, ಪೂರ್ತಿ ಭಾರ ಚಕ್ರದ ಮೇಲೆ ಬರಲಿ. ಎರಡೂ ಕಡೆ ಪ್ಯಾಡ್‌ನಿಂದ ಬ್ರೇಕ್ ಪ್ಲೇಟ್‌ವರೆಗೆ ಟೇಪ್ ಹಿಡಿಯಿರಿ, ಅಂತರ ಸಮ ಇರಬೇಕು.

ಆಮೇಲೆ ಪಿನಿಯನ್ ಮೂತಿಯ ಓರೆ. ಮಕ್ಕಳ ಕಂಪಾಸ್ ಬಾಕ್ಸ್‌ನ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ನಟ್ ಒಂದನ್ನು ತೂಗುಬಿಡಿ. ಅದನ್ನು ಗೇರ್‌ಬಾಕ್ಸ್ ಫ್ಲ್ಯಾಂಜ್‌ನ, ಅಂದರೆ ಶಾಫ್ಟ್ ಬಿಗಿಯುವ ತಟ್ಟೆಯ, ಮುಖಕ್ಕೆ ಒತ್ತಿ ಹಿಡಿದು ದಾರ ಯಾವ ಗೆರೆಯ ಮೇಲಿದೆ ಅಂತ ಬರೆದುಕೊಳ್ಳಿ. ಹಾಗೇ ಪಿನಿಯನ್ ಫ್ಲ್ಯಾಂಜ್‌ಗೂ ಹಿಡಿಯಿರಿ. ಎರಡೂ ಒಂದೇ ಓರೆಯಲ್ಲಿ ಇರಬೇಕು, ಪಿನಿಯನ್ ಮೂತಿ ಮಾತ್ರ ಒಂದೆರಡು ಡಿಗ್ರಿ ಕೆಳಗಿರಲಿ. ಲೋಡ್ ಎಳೆಯುವಾಗ ಕಮಾನು ತಿರುಚಿ ಮೂತಿ ಮೇಲೇಳುತ್ತದೆ, ಆಗ ಅದು ಸಮ ಆಗುತ್ತದೆ. ನಡುವೆ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಆದರೆ ಗೇರ್‌ಬಾಕ್ಸ್ ಬಿಟ್ಟು ಶಾಫ್ಟ್‌ನ ಮುಂದಿನ ತುಂಡಿನ ಓರೆಗೆ ಹೊಂದಿಸಿ.

ಓರೆ ಕೂತ ಮೇಲೆ ನಾಲ್ಕು ಚುಕ್ಕೆ ವೆಲ್ಡಿಂಗ್ ಹಾಕಿಸಿ, ಮತ್ತೆ ಅಳೆಯಿರಿ. ಸರಿ ಇದ್ದರೆ ಆಕ್ಸಲ್ ಇಳಿಸಿ ಪೂರ್ತಿ ಬೆಸೆಯಿರಿ. ಅರ್ಥ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲಿ ಹೌಸಿಂಗ್‌ಗೇ ಹಾಕಬೇಕು, ಹಬ್‌ಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಕೆಡಿಸುತ್ತದೆ. ಒಂದು ಇಂಚು ಬೆಸೆದು ಎದುರು ಬದಿಗೆ ಹೋಗಿ, ಆರಲು ಬಿಡಿ. ಒಂದೇ ಬೀಸಿನಲ್ಲಿ ಎಳೆದರೆ ಟ್ಯೂಬ್ ಸೊಟ್ಟ ಆಗುತ್ತದೆ. ಬೇಗ ತಣಿಯಲಿ ಅಂತ ನೀರು ಹಾಕುವವರನ್ನು ನಿಲ್ಲಿಸಿ, ಬೆಸುಗೆ ಬಿರುಕು ಬಿಡುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಉದ್ದ ಹೊಂದದಿದ್ದರೆ ಲೇತ್‌ನವರ ಹತ್ತಿರ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿ. ಎರಡು ತುದಿಯ ಯೋಕ್ (ಯುಜೆ ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿರಲಿ. ಹೆಸರಿಲ್ಲದ ಡಬ್ಬಿಯ ಅಗ್ಗದ ಯುಜೆ ಕ್ರಾಸ್ ಬೇಡವೇ ಬೇಡ, ಹಳೆ ಯು ಬೋಲ್ಟ್ ಕೂಡ ಬೇಡ. ಒಮ್ಮೆ ಎಳೆದು ಬಿಗಿದ ಬೋಲ್ಟ್ ಮತ್ತೆ ಅಷ್ಟೇ ಹಿಡಿಯುವುದಿಲ್ಲ.

ಬ್ರೇಕ್‌ಗೆ ತಾಮ್ರದ ಪೈಪ್ ಹಾಕಿಸಬೇಡಿ, ಸ್ಟೀಲ್ ಪೈಪೇ ಇರಲಿ. ಲೋಡ್ ನೋಡಿ ಒತ್ತಡ ಬದಲಿಸುವ ವಾಲ್ವ್ ಇದ್ದರೆ ಅದರ ಕಡ್ಡಿಯನ್ನು ಹೊಸ ಆಕ್ಸಲ್‌ಗೆ ಮರೆಯದೆ ಜೋಡಿಸಿ, ಸುಮ್ನೆ ತಂತಿಯಿಂದ ಕಟ್ಟಿಡಬೇಡಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಿರಿ, ಆಕ್ಸಲ್‌ಗೆ ಗೇರ್ ಆಯಿಲ್ ತುಂಬಿ.

ಮೊದಲು ಖಾಲಿ ಗಾಡಿಯನ್ನೇ ರಿಂಗ್ ರೋಡಿನಲ್ಲಿ ಓಡಿಸಿ. 100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಿರಿ, ಎರಡೂ ಹಬ್ ಮುಟ್ಟಿ ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಕೈ ಸುಡುವಷ್ಟು ಬಿಸಿ ಇದ್ದರೆ ಆ ಕಡೆಯ ಬೇರಿಂಗ್ ಬಿಗಿ ಜಾಸ್ತಿ ಆಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅದನ್ನು ಬಿಚ್ಚಿ ಸರಿ ಮಾಡುವವರೆಗೆ ಗಂಜ್ ಮಾರುಕಟ್ಟೆಗೆ ತೊಗರಿ ಚೀಲ ಹೇರಬೇಡಿ.