ಕ್ರೆಡಿಟ್ ಕಾರ್ಡಿನ ಬಡ್ಡಿ ಏರಿಸಿದ ಪತ್ರ ಬಂದರೆ: ಅಮೆರಿಕಕ್ಕೆ ಹೊರಟ ನಮ್ಮೂರಿನವರಿಗೆ

ಶರಣಬಸವೇಶ್ವರ ಜಾತ್ರೆಗೆಂದು ಕಲಬುರಗಿಗೆ ಬಂದವನು ಇನ್ನೂ ಎರಡು ವಾರ ಇಲ್ಲೇ ಇರುತ್ತೇನೆ. ಬ್ರಹ್ಮಪುರದ ನಮ್ಮ ಮನೆಗೆ ದಿನಕ್ಕೊಬ್ಬರಾದರೂ ಬಂದು ಕೂರುತ್ತಾರೆ. ಒಬ್ಬರ ಮಗನಿಗೆ ಎಂ.ಎಸ್. ಸೀಟು ಸಿಕ್ಕಿದೆ, ಇನ್ನೊಬ್ಬರ ಮಗಳು ಆಗಸ್ಟಿನಲ್ಲಿ ಹೊರಡುತ್ತಾಳೆ. ಶೇಂಗಾ ಹಿಂಡಿ ಎಷ್ಟು ಒಯ್ಯಬಹುದು, ಕಡಕ್ ರೊಟ್ಟಿ ಮುರಿಯದಂತೆ ಹೇಗೆ ಕಟ್ಟಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಸಂತೋಷದಿಂದ ಹೇಳುತ್ತೇನೆ. ಆದರೆ ಹೋದ ವಾರ ನೆಹರು ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ ನಡೆಸುವ ನಮ್ಮ ನೆರೆಮನೆಯ ಕಾಕಾ ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಅವರ ಮಗ ಡಲ್ಲಾಸ್‌ನಲ್ಲಿದ್ದಾನೆ. ಹೋಗಿ ಎರಡು ವರ್ಷವಾಯಿತು. ಕಾಕಾ ಮೊಬೈಲಿನಲ್ಲಿ ಒಂದು ಪತ್ರದ ಫೋಟೊ ತೋರಿಸಿದರು. ಕಾರ್ಡಿನ ವಾರ್ಷಿಕ ಬಡ್ಡಿ ಶೇ. 23.99 ಇದ್ದದ್ದು ಶೇ. 29.99 ಆಗುತ್ತದೆ ಎಂದು ಬ್ಯಾಂಕು ಬರೆದಿತ್ತು. ಕಾಕಾ ಒಂದು ಕ್ಷಣ ಯೋಚಿಸಿ, "ಅಂದರೆ ತಿಂಗಳಿಗೆ ನೂರಕ್ಕೆ ಎರಡು ಇದ್ದದ್ದು ಎರಡೂವರೆ ಆಯಿತು" ಎಂದರು. ಆಮೇಲೆ ಕೇಳಿದರು: "ಇದು ಹಳೆಯ ಬಾಕಿಗೂ ಬೀಳುತ್ತದೋ, ಇನ್ನು ಮುಂದೆ ಮಾಡುವ ಸಾಲಕ್ಕೆ ಮಾತ್ರವೋ? ಹುಡುಗನನ್ನು ಕೇಳಿದರೆ ಅವನಿಗೆ ಗೊತ್ತಿಲ್ಲ. ಬ್ಯಾಂಕಿನವರನ್ನು ಕೇಳು ಎಂದರೆ ವೀಸಾಕ್ಕೆ ತೊಂದರೆಯಾಗುತ್ತದೆ ಎಂದು ಹೆದರುತ್ತಾನೆ."

ಹೆದರಿಕೆಯ ಮಾತನ್ನು ಮೊದಲು ಮುಗಿಸುತ್ತೇನೆ. ಬಡ್ಡಿಯ ಬಗ್ಗೆ ಬ್ಯಾಂಕಿಗೆ ತಕರಾರು ಹೇಳುವುದಕ್ಕೂ ನಿಮ್ಮ ವೀಸಾಕ್ಕೂ ಸಂಬಂಧವಿಲ್ಲ. ಅದು ಗ್ರಾಹಕನ ಹಕ್ಕು. ವಿದ್ಯಾರ್ಥಿಯಾಗಿರಲಿ, ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹೋದವರಾಗಿರಲಿ, ಕಾರ್ಡು ನಿಮ್ಮ ಹೆಸರಿನಲ್ಲಿದ್ದರೆ ಆ ಹಕ್ಕು ನಿಮ್ಮದು. ನಮ್ಮ ಭಾಗದ ಮಕ್ಕಳು ಈ ಒಂದು ಹೆದರಿಕೆಗೆ ಎಷ್ಟು ದುಡ್ಡು ಕಳೆದುಕೊಂಡಿದ್ದಾರೆ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಊರಿನಲ್ಲಿ ಹೊಲ ಒತ್ತೆಯಿಟ್ಟು ಕಳುಹಿಸಿದ ತಂದೆಯ ದುಡ್ಡು ಅದು.

ಇನ್ನು ಕಾಕಾನ ಪ್ರಶ್ನೆ. ಅಮೆರಿಕದಲ್ಲಿ 2009ರ ಮೇ ತಿಂಗಳಿನಲ್ಲಿ ಕಾರ್ಡ್ ಆ್ಯಕ್ಟ್ ಎಂಬ ಕಾನೂನು ಬಂತು. ಅದರ ಮುಖ್ಯ ಭಾಗಗಳು 2010ರ ಫೆಬ್ರುವರಿ 22ರಿಂದ ಜಾರಿಯಾದವು. ಅಲ್ಲಿಯವರೆಗೆ ಬ್ಯಾಂಕುಗಳು ಹಳೆಯ ಬಾಕಿಯ ಮೇಲೂ ಬಡ್ಡಿ ಏರಿಸುತ್ತಿದ್ದವು. ಈಗ ಹಾಗೆ ಮಾಡುವಂತಿಲ್ಲ. ದರ ಏರಿಸುವುದಾದರೆ 45 ದಿನ ಮೊದಲೇ ಬರೆದು ತಿಳಿಸಬೇಕು. ಏರಿದ ದರ ಹೊಸ ಖರೀದಿಗೆ ಮಾತ್ರ. ಹಳೆಯ ಬಾಕಿ ತೀರುವವರೆಗೂ ಅದಕ್ಕೆ ಹಳೆಯ ದರವೇ. ಇದನ್ನು ಹೇಳಿದಾಗ ಕಾಕಾ ತಲೆಯಾಡಿಸಿ, "ಗಂಜಿನಲ್ಲಿಯೂ ಹಾಗೆಯೇ. ಮಾತಾಡಿಕೊಂಡ ದರವನ್ನು ನಡುವೆ ಬದಲಿಸಿದರೆ ನಾಳೆ ಆ ಅಂಗಡಿಗೆ ಯಾವ ರೈತ ಮಾಲು ತರುತ್ತಾನೆ?" ಎಂದರು.

ಇಲ್ಲಿ ಎರಡು ತಾರೀಖುಗಳಿವೆ, ಅವು ಬೆರೆಯಬಾರದು. ಒಂದು, ಪತ್ರ ಕಳುಹಿಸಿದ ದಿನದಿಂದ 14 ದಿನ. ಅಷ್ಟರೊಳಗೆ ಮಾಡಿದ ಖರೀದಿಯೂ ಹಳೆಯ ಬಾಕಿಯ ಲೆಕ್ಕಕ್ಕೇ ಸೇರುತ್ತದೆ, ಹಳೆಯ ದರದಲ್ಲಿಯೇ ಉಳಿಯುತ್ತದೆ. ಇನ್ನೊಂದು, 45ನೆಯ ದಿನ. ಹೊಸ ದರ ಆ ದಿನಕ್ಕಿಂತ ಮೊದಲು ಶುರುವಾಗುವಂತಿಲ್ಲ. ಆದರೆ ಶುರುವಾದ ಮೇಲೆ, 14ನೆಯ ದಿನದ ನಂತರ ಮಾಡಿದ ಖರೀದಿಯ ಬಾಕಿಗೆಲ್ಲ ಹೊಸ ದರ ಬೀಳುತ್ತದೆ. ಹಲವರು 45 ದಿನ ಸಮಯವಿದೆ ಎಂದುಕೊಂಡು ಅಷ್ಟರಲ್ಲಿ ಲ್ಯಾಪ್‌ಟಾಪು, ವಿಮಾನದ ಟಿಕೆಟು ಎಲ್ಲ ಕೊಂಡುಬಿಡುತ್ತಾರೆ. ಪತ್ರ ಕೈಗೆ ಬಂದ ದಿನವೇ ಅದರ ಮೇಲಿನ ತಾರೀಖಿನಿಂದ ಎಣಿಸಿ ಗುರುತು ಹಾಕಿಕೊಳ್ಳಿ.

ಎಲ್ಲ ಏರಿಕೆಗೂ ತಕರಾರು ನಿಲ್ಲುವುದಿಲ್ಲ. ಹೆಚ್ಚಿನ ಕಾರ್ಡುಗಳ ದರ ಪ್ರೈಮ್ ರೇಟ್ ಎಂಬ ಸೂಚಕಕ್ಕೆ ಕಟ್ಟಿಕೊಂಡಿರುತ್ತದೆ. ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಅದೂ ಏರುತ್ತದೆ. 2022ರ ಮಾರ್ಚಿನಿಂದ 2023ರ ಜುಲೈವರೆಗೆ ಹಾಗೆ 11 ಬಾರಿ ಏರಿ, ಪ್ರೈಮ್ ರೇಟ್ ಶೇ. 3.25ರಿಂದ ಶೇ. 8.50ಕ್ಕೆ ಹೋಯಿತು. ಇದಕ್ಕೆ 45 ದಿನದ ನೋಟಿಸ್ ಬೇಕಿಲ್ಲ, ಹಳೆಯ ಬಾಕಿಗೂ ಬೀಳುತ್ತದೆ. ಆರಂಭದ ಕೊಡುಗೆಯ ಕಡಿಮೆ ದರ ಅವಧಿ ಮುಗಿದು ಮೊದಲೇ ಹೇಳಿದ್ದ ದರಕ್ಕೆ ಬಂದರೂ ಅಷ್ಟೇ. ಕನಿಷ್ಠ ಕಂತನ್ನು 60 ದಿನಕ್ಕಿಂತ ಹೆಚ್ಚು ಕಾಲ ಕಟ್ಟದೆ ಬಿಟ್ಟಿದ್ದರೆ ನೋಟಿಸ್ ಕೊಟ್ಟು ಹಳೆಯ ಬಾಕಿಗೂ ದಂಡದ ದರ ಹಾಕಬಹುದು. ಆದರೆ ಅದು ಶಾಶ್ವತವಲ್ಲ. ಏರಿಕೆಯ ನಂತರ ಸತತ ಆರು ಕಂತುಗಳನ್ನು ಗಡುವಿನೊಳಗೆ ಕಟ್ಟಿದರೆ ಹಳೆಯ ಬಾಕಿಯ ದರವನ್ನು ಮೊದಲಿನಂತೆ ಮಾಡಲೇಬೇಕು. ಈ ಮೂರೂ ಅಲ್ಲದಿದ್ದರೆ, ಕಾರ್ಡು ತೆಗೆದ ಮೊದಲ ಒಂದು ವರ್ಷ ಬ್ಯಾಂಕು ಖರೀದಿಯ ದರವನ್ನು ಏರಿಸುವಂತಿಲ್ಲ. ಹೋದ ವರ್ಷವಷ್ಟೇ ಕಾರ್ಡು ತೆಗೆದವರು ಮೊದಲು ಖಾತೆ ತೆರೆದ ತಾರೀಖನ್ನು ನೋಡಬೇಕು. ಇನ್ನೊಂದು ಮಾತು: ವ್ಯಾಪಾರದ ಹೆಸರಿನಲ್ಲಿ ತೆಗೆದ ಕಾರ್ಡುಗಳಿಗೆ ಈ ಕಾನೂನಿನ ರಕ್ಷಣೆ ಇಲ್ಲ.

ನನಗಾದದ್ದನ್ನು ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲವೆಂದು ಅವಸರದಲ್ಲಿ ಟಿಕೆಟು ಕೊಂಡು ಕಲಬುರಗಿಗೆ ಬಂದೆ. ಕಾರ್ಡಿನ ಮೇಲೆ ಸುಮಾರು 3,000 ಡಾಲರ್ ಬಾಕಿ ನಿಂತಿತು. ಕೆಲವು ತಿಂಗಳಾದ ಮೇಲೆ ಬ್ಯಾಂಕಿನಿಂದ ಪತ್ರ ಬಂತು. ಶೇ. 19.99 ಇದ್ದದ್ದು ಹೊಸ ಖರೀದಿಗೆ ಶೇ. 26.99 ಎಂದಿತ್ತು. ಆ ಕಾರ್ಡನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆ, ಮುಂದೆ ಒಂದು ಡಾಲರನ್ನೂ ಅದರ ಮೇಲೆ ಖರ್ಚು ಮಾಡಲಿಲ್ಲ. ಆದರೂ ಎರಡು ತಿಂಗಳ ನಂತರ ಬಂದ ಬಿಲ್ಲಿನಲ್ಲಿ ಬಡ್ಡಿ ಹೆಚ್ಚಾಗಿತ್ತು. ಬಿಲ್ಲಿನ ಕೊನೆಯ ಹಾಳೆಯಲ್ಲಿ ಒಂದು ಚಿಕ್ಕ ಕೋಷ್ಟಕವಿರುತ್ತದೆ. ಬಾಕಿಯ ವಿಧ, ವಾರ್ಷಿಕ ದರ, ಬಡ್ಡಿ ಬೀಳುವ ಮೊತ್ತ, ಬಿದ್ದ ಬಡ್ಡಿ ಎಂದು ನಾಲ್ಕು ಅಂಕಣಗಳು. ನನ್ನ ಬಾಕಿಯ ಎದುರು 19.99 ಇರಬೇಕಾದಲ್ಲಿ 26.99 ಅಚ್ಚಾಗಿತ್ತು. ಶೇ. 7ರ ವ್ಯತ್ಯಾಸ ಎಂದರೆ 3,000 ಡಾಲರಿಗೆ ತಿಂಗಳಿಗೆ ಸುಮಾರು 17 ಡಾಲರ್. ವರ್ಷಕ್ಕೆ 210.

ಫೋನ್ ಮಾಡಿದೆ. "ಪತ್ರದಲ್ಲಿ ತಿಳಿಸಿದ್ದೇವೆ" ಎಂಬ ಒಂದೇ ಉತ್ತರ ಬಂತು. ಆಗ ನಮ್ಮೂರಿನವರೇ ಆದ ಹಿರಿಯರೊಬ್ಬರು, ಅಲ್ಲಿ ಇಪ್ಪತ್ತು ವರ್ಷ ಇದ್ದವರು, ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು ಪತ್ರ ಬರೆಸಿದರು. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಬಡ್ಡಿ ಏರಿಸಿದ ನಿರ್ಧಾರಕ್ಕೆ ತಕರಾರು ಹೇಳುವುದು ಬೇರೆ, ಬಡ್ಡಿಯ ಲೆಕ್ಕ ತಪ್ಪಿದೆ ಎಂದು ಹೇಳುವುದು ಬೇರೆ. ಲೆಕ್ಕದ ತಪ್ಪಿಗೆ 1974ರ ಬಿಲ್ಲಿಂಗ್ ಕಾನೂನಿನ ಬಲವಿದೆ. ತಪ್ಪು ಮೊದಲು ಕಾಣಿಸಿಕೊಂಡ ಬಿಲ್ಲು ಕಳುಹಿಸಿದ 60 ದಿನದೊಳಗೆ ನಿಮ್ಮ ಪತ್ರ ಬ್ಯಾಂಕಿಗೆ ತಲುಪಬೇಕು. ಫೋನಿನ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ಹಣ ಕಟ್ಟುವ ವಿಳಾಸಕ್ಕೂ ಕಳುಹಿಸಬಾರದು. ಬಿಲ್ಲಿನ ಹಿಂಬದಿಯಲ್ಲಿ ಬಿಲ್ಲಿನ ವಿಚಾರಣೆಗೆಂದೇ ಬೇರೆ ವಿಳಾಸ ಇರುತ್ತದೆ, ಅದಕ್ಕೇ ಕಳುಹಿಸಬೇಕು. ಸ್ವೀಕೃತಿ ಚೀಟಿ ವಾಪಸು ಬರುವಂತೆ ಸರ್ಟಿಫೈಡ್ ಅಂಚೆಯಲ್ಲಿ ಹಾಕಿ. ಬ್ಯಾಂಕು 30 ದಿನದೊಳಗೆ ಪತ್ರ ಬಂದಿದೆ ಎಂದು ಬರೆದು ತಿಳಿಸಬೇಕು, ಎರಡು ಬಿಲ್ಲಿನ ಅವಧಿಯೊಳಗೆ, ಹೆಚ್ಚೆಂದರೆ 90 ದಿನದೊಳಗೆ, ತೀರ್ಮಾನ ಹೇಳಬೇಕು. ಅಷ್ಟು ದಿನ ತಕರಾರಿನಲ್ಲಿರುವ ಮೊತ್ತವನ್ನು ತಡೆಹಿಡಿಯಬಹುದು, ಉಳಿದದ್ದನ್ನು ಮಾತ್ರ ತಪ್ಪದೆ ಕಟ್ಟುತ್ತಿರಬೇಕು. ಕೋಪದಲ್ಲಿ ಕಂತನ್ನೇ ನಿಲ್ಲಿಸಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ಕೆಡುತ್ತದೆ.

ಆ ಹಿರಿಯರು ನನ್ನಿಂದ ಬರೆಸಿದ್ದು ಒಂದು ಪುಟವೂ ಆಗಲಿಲ್ಲ. ಹೆಸರು, ವಿಳಾಸ, ಖಾತೆಯ ಸಂಖ್ಯೆ. ನಿಮ್ಮ ಇಂಥ ತಾರೀಖಿನ ನೋಟಿಸಿನ ಪ್ರಕಾರ ಹೊಸ ದರ ಹೊಸ ಖರೀದಿಗೆ ಮಾತ್ರ. ಆ ತಾರೀಖಿನ ನಂತರ ನಾನು ಏನನ್ನೂ ಖರೀದಿಸಿಲ್ಲ. ಇಂಥ ಬಿಲ್ಲಿನಲ್ಲಿ ಪೂರ್ತಿ ಬಾಕಿಗೆ ಹೊಸ ದರ ಹಾಕಿದ್ದೀರಿ, ವ್ಯತ್ಯಾಸ ಇಷ್ಟು, ಸರಿಪಡಿಸಿ ಲಿಖಿತ ಉತ್ತರ ಕೊಡಿ. ಅಷ್ಟೇ. ಅಪ್ಪನ ಕಾಯಿಲೆಯ ಬಗ್ಗೆ ನಾನು ನಾಲ್ಕು ಸಾಲು ಬರೆದಿದ್ದೆ. "ಇದು ದಯೆ ಕೇಳುವ ಪತ್ರವಲ್ಲ ತಮ್ಮಾ, ಲೆಕ್ಕ ಕೇಳುವ ಪತ್ರ" ಎಂದು ಅದನ್ನು ತೆಗೆಸಿದರು. ಮುಂದಿನ ಎರಡನೆಯ ಬಿಲ್ಲಿನಲ್ಲಿ ದರ ಸರಿಯಾಯಿತು, ಹೆಚ್ಚು ಹಿಡಿದ ಬಡ್ಡಿ ಜಮೆಯಾಯಿತು.

ಲೆಕ್ಕ ಸರಿಯಿದ್ದು, ಏರಿಕೆಯೇ ಅನ್ಯಾಯ ಎನಿಸಿದರೆ ದಾರಿ ಬೇರೆ. ನೋಟಿಸಿನಲ್ಲಿ ಏರಿಕೆಯ ಮುಖ್ಯ ಕಾರಣಗಳನ್ನು, ನಾಲ್ಕಕ್ಕೆ ಮೀರದಂತೆ, ಬರೆದಿರುತ್ತಾರೆ. ಅದೇ ಪತ್ರದ ಪ್ರಾಣ. ಕಾರಣ ಕ್ರೆಡಿಟ್ ವರದಿಯಿಂದ, ಅಂದರೆ ನಿಮ್ಮ ಸಾಲ, ಕಂತುಗಳ ದಾಖಲೆಯಿಂದ, ಬಂದಿದ್ದರೆ ಯಾವ ಸಂಸ್ಥೆಯ ವರದಿ ಎಂದು ಹೇಳಬೇಕು, 60 ದಿನದೊಳಗೆ ಕೇಳಿದರೆ ಆ ಸಂಸ್ಥೆ ವರದಿಯನ್ನು ಉಚಿತವಾಗಿ ಕೊಡಬೇಕು. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳಿವೆ, ನಮ್ಮ ಸಿಬಿಲ್ ಇದ್ದಂತೆ.

ನಮ್ಮ ಭಾಗದವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ನಮ್ಮಲ್ಲಿ ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ತಂದೆಯ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಶರಣಬಸಪ್ಪ, ಮಲ್ಲಿಕಾರ್ಜುನ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹುಮನಾಬಾದಿನ ಹುಡುಗನೊಬ್ಬನ ವರದಿಯಲ್ಲಿ ಅವನು ಕಂಡೂ ಕೇಳಿಯೂ ಇಲ್ಲದ ಕಾರಿನ ಸಾಲ, ಅದರ ಕಟ್ಟದ ಕಂತುಗಳು ಸೇರಿಕೊಂಡಿದ್ದವು. ಅದೇ ಹೆಸರಿನ ಬೇರೆ ಯಾರದೋ ಸಾಲ. ಅವನಿಗೆ ಸ್ವಂತ ಕಾರೇ ಇರಲಿಲ್ಲ. ವರದಿ ಕೊಟ್ಟ ಸಂಸ್ಥೆಗೆ ದಾಖಲೆ ಸಮೇತ ಬರೆದ. ಇಂಥ ತಕರಾರನ್ನು ಅವರು ಸಾಮಾನ್ಯವಾಗಿ 30 ದಿನದೊಳಗೆ ವಿಚಾರಿಸಬೇಕು. ಆ ಸಾಲವನ್ನು ಅವನ ವರದಿಯಿಂದ ಅಳಿಸಿದರು. ಸರಿಯಾದ ವರದಿಯನ್ನು ಬ್ಯಾಂಕಿಗೆ ಕಳುಹಿಸಿ, ಏರಿಸಿದ ದರವನ್ನು ಮರುಪರಿಶೀಲಿಸಿ ಎಂದು ಕೇಳಿದ, ಇಳಿಸಿದರು. ಹೀಗೆ ಏರಿಸಿದ ದರವನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಮರುಪರಿಶೀಲಿಸುವುದು ಬ್ಯಾಂಕಿನ ಕರ್ತವ್ಯವೂ ಹೌದು. ಬ್ಯಾಂಕು, ವಿಶ್ವವಿದ್ಯಾಲಯ, ಬಾಡಿಗೆ ಕರಾರು ಎಲ್ಲ ಕಡೆ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರ ಹೆಚ್ಚುಕಮ್ಮಿಯಾಗದಂತೆ ಬರೆಸಿ.

ವರದಿಯಲ್ಲಿ ತಪ್ಪಿಲ್ಲದಿದ್ದರೆ ಉಳಿಯುವುದು ಮಾತುಕತೆ. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ, ಇಷ್ಟು ತಿಂಗಳಿಂದ ತಪ್ಪದೆ ಕಟ್ಟಿದ್ದೇನೆ, ಹಳೆಯ ದರವನ್ನೇ ಉಳಿಸಿ ಎಂದು ಕೇಳಿ. ಮೊದಲು ಫೋನ್ ಎತ್ತಿದವರಿಗೆ ಅಧಿಕಾರ ಇರದಿರಬಹುದು, ಮೇಲಿನವರಿಗೆ ಕೊಡಿ ಎನ್ನಿ. ಮಾತಾಡಿದವರ ಹೆಸರು, ತಾರೀಖು, ಸಮಯ ಬರೆದಿಡಿ. ಒಪ್ಪಲೇಬೇಕೆಂಬ ಕಾನೂನಿಲ್ಲ, ಆದರೂ ಕೇಳಿ. ಒಪ್ಪದಿದ್ದರೆ ಕ್ರೆಡಿಟ್ ಯೂನಿಯನ್‌ಗಳ ಕಡೆ ನೋಡಿ. ಅವು ನಮ್ಮ ಸಹಕಾರಿ ಪತ್ತಿನ ಸಂಘಗಳಂತೆ ಸದಸ್ಯರದೇ ಸಂಸ್ಥೆಗಳು. ಫೆಡರಲ್ ಕ್ರೆಡಿಟ್ ಯೂನಿಯನ್ ಕಾರ್ಡಿನ ಬಡ್ಡಿಗೆ ಶೇ. 18ರ ಮಿತಿ ಇದೆ. ಬಾಕಿಯನ್ನು ಅಲ್ಲಿಗೆ ವರ್ಗಾಯಿಸುವಾಗ ಶುಲ್ಕ ಇದೆಯೇ, ಇದ್ದರೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ಬ್ಯಾಂಕು ಕಾನೂನು ಮುರಿದಿದೆ ಎಂದು ನಿಮಗೆ ಖಚಿತವಿದ್ದು ಅದು ಜಗ್ಗದಿದ್ದರೆ, 2011ರಲ್ಲಿ ಕೆಲಸ ಶುರು ಮಾಡಿದ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ (ಸಿಎಫ್‌ಪಿಬಿ) ಎಂಬ ಅಲ್ಲಿನ ಸರಕಾರಿ ಸಂಸ್ಥೆಗೆ ಅಂತರ್ಜಾಲದಲ್ಲೇ ದೂರು ಕೊಡಬಹುದು. ಖರ್ಚಿಲ್ಲ. ನೋಟಿಸು, ಬಿಲ್ಲು, ಸ್ವೀಕೃತಿ ಚೀಟಿ ಇವುಗಳ ಪ್ರತಿ ಲಗತ್ತಿಸಿ.

ಊರಿಗೆ ಬರುವಾಗಿನ ಮಾತು ಒಂದುಂಟು. ಮದುವೆಗೆಂದು ಎರಡು ತಿಂಗಳು ಶಹಾಪುರಕ್ಕೋ ಬೀದರಿಗೋ ಬಂದಿರುತ್ತೀರಿ, ನೋಟಿಸು ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ, 14 ದಿನವೂ 45 ದಿನವೂ ಕಳೆದುಹೋಗಿರುತ್ತವೆ. ಹೊರಡುವ ಮೊದಲು ಕನಿಷ್ಠ ಕಂತು ತಾನಾಗಿಯೇ ಕಡಿತವಾಗುವಂತೆ ಮಾಡಿ, ರೂಮಿನ ಗೆಳೆಯನಿಗೆ ಬ್ಯಾಂಕಿನ ಲಕೋಟೆಗಳನ್ನು ಒಡೆದು ಫೋಟೊ ಕಳುಹಿಸಲು ಹೇಳಿ ಬನ್ನಿ. ಜಾಹೀರಾತಿನಂತೆ ಕಾಣುವ ತೆಳ್ಳನೆಯ ಲಕೋಟೆಯನ್ನೂ ಬಿಡಬಾರದು.

ಅಂದು ರಾತ್ರಿ ಕಾಕಾ ನಮ್ಮ ಮನೆಯಿಂದಲೇ ಮಗನಿಗೆ ವಿಡಿಯೊ ಕರೆ ಮಾಡಿದರು. ಪತ್ರದ ತಾರೀಖು ಕೇಳಿ ಬೆರಳು ಮಡಚಿ ಎಣಿಸಿದರು. 14 ದಿನ ದಾಟಿತ್ತು, 45ಕ್ಕೆ ಇನ್ನೂ 19 ದಿನ ಇತ್ತು. ಕಾರಣಗಳ ಸಾಲು ಓದು ಎಂದರು. ಹುಡುಗ ಓದಿದ: ಕಾರ್ಡಿನ ಸಾಲದ ಮಿತಿಗೆ ಹೋಲಿಸಿದರೆ ಬಾಕಿ ಹೆಚ್ಚು. "ಅದು ನಿಜವೋ?" ಎಂದು ಕೇಳಿದರು. ಅವನು ಸ್ವಲ್ಪ ತಡೆದು, ನಿಜ ಎಂದ. "ಹಾಗಾದರೆ ಆ ಕಾರ್ಡು ಇವತ್ತಿನಿಂದ ಬಂದ್. ಬರುವ ತಿಂಗಳ ಬಿಲ್ಲಿನ ಕೊನೆಯ ಹಾಳೆಯ ಫೋಟೊ ನನಗೆ ಕಳುಹಿಸು, ಹಳೆಯ ಬಾಕಿಗೆ ಯಾವ ದರ ಹಾಕಿದ್ದಾರೆ ಎಂದು ನಾನೂ ನೋಡುತ್ತೇನೆ" ಎಂದು, ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡಿ ಅಂಗಿಯ ಜೇಬಿನ ಚೀಟಿಯಲ್ಲಿ ಬರೆದುಕೊಂಡರು.