ಓಣಿಯ ನಾಯಿಗೆ ಓಣಿಯದೇ ಪಟ್ಟಿ: ಕಡಿಮೆ ಖರ್ಚಿನಲ್ಲಿ ಆಪರೇಶನ್ ಮಾಡಿಸುವುದು ಹೇಗೆ?

ಗಣಪತಿ ಹಬ್ಬಕ್ಕೆ ಪಟ್ಟಿ ಎತ್ತುವುದು, ಅಂದರೆ ಮನೆಮನೆಯಿಂದ ಚಂದಾ ಕೂಡಿಸುವುದು, ಬಾಗಲಕೋಟೆಯ ಯಾವ ಓಣಿಗೂ ಹೊಸದಲ್ಲ. ನಾಯಿಗೆ ಮರಿಯಾಗದಂತೆ ಆಪರೇಶನ್ ಮಾಡಿಸಲು ಪಟ್ಟಿ ಎಂದರೆ ಮಾತ್ರ ಜನ ನಗುತ್ತಾರೆ. ನಮ್ಮ ಓಣಿಯಲ್ಲೂ ನಕ್ಕರು. ‘ಮನುಷ್ಯಾರಿಗೇ ರೊಕ್ಕ ಇಲ್ಲ, ನಾಯಿಗೆ ಆಪರೇಶನ್ನಾ?’ ಎಂದರು ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು. ಆ ಚಳಿಗಾಲದಲ್ಲಿ ನಮ್ಮ ಓಣಿಯ ನಾಯಿ ಕೆಂಚಿ ಆ ಹಿರಿಯರ ಹಿತ್ತಲಲ್ಲೇ ಏಳು ಮರಿ ಹಾಕಿತು. ಮುಂದಿನ ಸಲ ಪಟ್ಟಿಗೆ ಮೊದಲ ನೂರು ರೂಪಾಯಿ ಅವರದ್ದೇ.

ಮೊದಲು ಯಾವುದಕ್ಕೆ?

ದುಡ್ಡು ಕಡಿಮೆ ಇದ್ದರೆ ಹೆಣ್ಣುನಾಯಿಗೇ ಮೊದಲು. ಗಂಡಿನ ಆಪರೇಶನ್ ಸಣ್ಣದು, ಅಗ್ಗ ಎಂದು ಹಲವರು ಅಲ್ಲಿಂದ ಶುರು ಮಾಡುತ್ತಾರೆ. ಆದರೆ ಓಣಿಯಲ್ಲಿ ಒಂದೇ ಗಂಡು ಉಳಿದರೂ ಹೆಣ್ಣುಗಳು ಗಬ್ಬವಾಗಲು ಸಾಕು. ನಾಯಿಯ ಗಬ್ಬ ಸುಮಾರು 63 ದಿನ. ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬಂದು ಚಳಿಗಾಲಕ್ಕೆ ಮರಿ ಹಾಕುತ್ತವೆ. ಹಾಗಾಗಿ ಕಾರ ಹುಣ್ಣಿಮೆ ಮುಗಿಯುತ್ತಿದ್ದಂತೆ ಪಟ್ಟಿ ಶುರು ಮಾಡಿ. ಗಣಪತಿವರೆಗೆ ಕಾದರೆ ತಡವಾಯಿತೆಂದೇ ಲೆಕ್ಕ.

ಆರು ತಿಂಗಳು ತುಂಬಿದರೆ ಸಾಮಾನ್ಯವಾಗಿ ಮಾಡಿಸಬಹುದು. ‘ಒಂದು ಸಲ ಈಯಲಿ, ಆಮೇಲೆ ನೋಡೋಣ’ ಎನ್ನುವುದು ಸುಮ್ನೆ ಮಾತು. ಮೊದಲ ಬೆದೆಗೂ ಮುಂಚೆ ಮಾಡಿಸಿದರೆ ಮೊಲೆಯ ಗಡ್ಡೆಯ ಭಯ ತುಂಬಾ ಕಡಿಮೆ. ವಯಸ್ಸಾದ ನಾಯಿಗಳನ್ನು ಕಾಡುವ ಗರ್ಭಕೋಶದ ಕೀವು ರೋಗವೂ ತಪ್ಪುತ್ತದೆ. ಬೆದೆಯಲ್ಲಿದ್ದಾಗ ಮಾತ್ರ ಬೇಡ, ರಕ್ತ ಜಾಸ್ತಿ ಹೋಗುತ್ತದೆ.

ಇನ್ನು ಪಾಪದ ಮಾತು. ‘ನಾಯಿ ಮೈಲಾರಲಿಂಗಂದು, ಪಾಪ ತಟ್ತದ’ ಎನ್ನುವವರು ನಮ್ಮ ಕಡೆ ಇದ್ದೇ ಇರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಮರಿಗಳನ್ನು ಚೀಲದಲ್ಲಿ ತುಂಬಿ ಘಟಪ್ರಭಾ ದಂಡೆಗೆ ಬಿಟ್ಟು ಬಂದರೆ ಆ ಪಾಪ ಯಾರಿಗೆ ಎಂದಷ್ಟೇ ಕೇಳಿ. ಹಾಗೆ ಸಾಕಿದ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ದುಡ್ಡಿನ ಲೆಕ್ಕ

ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ನಾಯಿ ಕರೆದುಕೊಂಡು ಅಲ್ಲ, ಬರಿಗೈಯಲ್ಲಿ. ಆಪರೇಶನ್ ಯಾವ ವಾರ, ಹೊರಗಿನಿಂದ ಯಾವ ಔಷಧ, ದಾರ ತರಬೇಕು ಎಂದು ಕೇಳಿ ಚೀಟಿ ಬರೆಸಿಕೊಳ್ಳಿ. ಖಾಸಗಿಯಾದರೆ ಮೂರ್ನಾಲ್ಕು ಮನೆಯವರು ಒಟ್ಟಿಗೆ ಮಾತಾಡಿ. ಒಂದೇ ದಿನ ನಾಲ್ಕು ನಾಯಿ ಎಂದರೆ ರೇಟು ಇಳಿಸುವವರಿದ್ದಾರೆ. ಅರಿವಳಿಕೆ, ಸೂಜಿಮದ್ದು, ಹೊಲಿಗೆ ಬಿಚ್ಚುವುದು ಎಲ್ಲ ಸೇರಿದೆಯಾ ಎಂದು ಬಿಡಿಸಿ ಕೇಳಿ. ನಮಗೆ ಒಂದು ಕಡೆ ಹೇಳಿದ ರೇಟಿನಲ್ಲಿ ಹೊಲಿಗೆ ಬಿಚ್ಚುವುದು ಸೇರಿರಲಿಲ್ಲ. ಹತ್ತನೇ ದಿನ ಮತ್ತೆ ಚಿಲ್ಲರೆ ಹುಡುಕುತ್ತ ನಿಂತೆವು.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಅದರ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಔಷಧಗಳ ಅಮಲು ಇಂಥ ನಾಯಿಗೆ ಇಳಿಯಲು ಜಾಸ್ತಿ ಹೊತ್ತು ಬೇಕು. ಡಾಕ್ಟರಿಗೆ ತಳಿ ಯಾವುದೆಂದು ಮೊದಲೇ ಹೇಳಿ. ಮರಿ ಮಾರುವ ಆಸೆಯಿಂದ ಮುಂದೂಡುತ್ತಿದ್ದೀರಾ? 2017ರ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು.

ಹಿಂದಿನ ರಾತ್ರಿ, ಮುಂದಿನ ಹತ್ತು ದಿನ

ಹಿಂದಿನ ರಾತ್ರಿ ಊಟದ ನಂತರ ಏನೂ ಹಾಕಬಾರದು. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಉಸಿರುನಾಳಕ್ಕೆ ಹೋಗಬಹುದು. ಇದನ್ನು ಮನೆಯ ಎಲ್ಲರಿಗೂ ಹೇಳಿ. ನಾನು ನಮ್ಮ ಅಜ್ಜಿಗೆ ಹೇಳಲು ಮರೆತೆ. ನಸುಕಿನಲ್ಲಿ ಎದ್ದ ಅಜ್ಜಿ, ‘ಪಾಪ, ದವಾಖಾನಿಗೆ ಹೊಂಟದ’ ಎಂದು ಕೆಂಚಿಗೆ ಬಿಸಿ ರೊಟ್ಟಿ, ಮೇಲೆ ಹಾಲು ಹಾಕಿಬಿಟ್ಟಿದ್ದರು. ಆಟೋ ಬಾಡಿಗೆ ಕೊಟ್ಟು ಹೋದವರು ಹಾಗೇ ವಾಪಸ್ ಬಂದೆವು.

ಆಪರೇಶನ್ ಡಾಕ್ಟರದು, ಆಮೇಲಿನ ಹತ್ತು ದಿನ ನಿಮ್ಮದು. ಕಷ್ಟ ಇರುವುದೇ ಇಲ್ಲಿ. ನಾಯಿ ಹೊಲಿಗೆ ನೆಕ್ಕಿದರೆ ಬಿಚ್ಚಿಕೊಳ್ಳುತ್ತದೆ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಸಿಗದಿದ್ದರೆ ಹಳೇ ಬನಿಯನ್ ಸಾಕು. ಮುಂಗಾಲು ತೋಳಿನಲ್ಲಿ ತೂರಿಸಿ, ಕೆಳತುದಿಯನ್ನು ಬೆನ್ನ ಮೇಲೆ ಗಂಟು ಹಾಕಿ. ಒಣ ಜಾಗ, ಗೋಣಿತಾಟು. ಸ್ನಾನ ಬೇಡ, ಮೆಟ್ಟಿಲು ಬೇಡ. ಗಾಯಕ್ಕೆ ಅರಿಶಿನ, ಬೂದಿ ಮೆತ್ತಬೇಡಿ. ಮನೆಯ ಜ್ವರದ ಗುಳಿಗೆ ಕೊಡಲೇಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ವಿಷ. ಗಾಯದಿಂದ ರಕ್ತ ನಿಲ್ಲದಿದ್ದರೆ, ಒಸಡು ಬಿಳಿಚಿಕೊಂಡರೆ, ಮರುದಿನವೂ ಅನ್ನ ಮುಟ್ಟದಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಪಟ್ಟಿ ಎತ್ತುವಾಗಲೇ ಈ ಹತ್ತು ದಿನ ಯಾರ ಅಂಗಳ ಎಂದು ಗೊತ್ತು ಮಾಡಿಕೊಳ್ಳಿ. ದುಡ್ಡು ಕೊಡದವರು ಜಾಗ ಕೊಡಲಿ.

ಕೈಗೆ ಸಿಗದ ನಾಯಿಗಳು

ಕೆಂಚಿಯಂತೆ ಕರೆದರೆ ಬರುವ ನಾಯಿಯ ಮಾತು ಬೇರೆ. ಉಳಿದವನ್ನು ಹಗ್ಗ ಹಾಕಿ ಹಿಡಿಯಲು ಹೋಗಿ ಕಚ್ಚಿಸಿಕೊಳ್ಳಬೇಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಆಪರೇಶನ್, ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ತರಬೇತಿ ಇದ್ದವರು ಹಿಡಿಯಬೇಕು. ಆಪರೇಶನ್ ಆದ ಗುರುತಿಗೆ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕುತ್ತಾರೆ. ಹಿಡಿದ ಓಣಿಗೇ ತಂದು ಬಿಡುವುದು ಆ ನಿಯಮದ ಕ್ರಮ. ಹಳೇ ನಾಯಿ ಹೋದರೆ ಲಸಿಕೆ ಇಲ್ಲದ ಹೊಸದು ಬಂದು ಅದೇ ತಿಪ್ಪೆ ಹಿಡಿಯುತ್ತದೆ, ಅಲ್ವಾ?

ನಗರಸಭೆಗೆ ಅರ್ಜಿ ಬರೆಯುವಾಗ ‘ನಾಯಿ ಕಾಟ ಜಾಸ್ತಿಯಾಗಿದೆ’ ಎಂದು ಬರೆದರೆ ಸಾಲದು. ಎಷ್ಟು ಹೆಣ್ಣು, ಎಷ್ಟು ಗಂಡು, ಯಾವ ಬಣ್ಣ, ಎಲ್ಲಿ ಮಲಗುತ್ತವೆ ಎಂಬ ಲೆಕ್ಕ ಬೇಕು. ಈ ಲೆಕ್ಕಕ್ಕೆ ಮಕ್ಕಳಿಗಿಂತ ಒಳ್ಳೆಯವರಿಲ್ಲ.

ಹತ್ತಿರದ ಶಾಲೆಯಲ್ಲಿ ಒಂದು ಪಿರಿಯಡ್ ಕೇಳಿಕೊಳ್ಳಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆದರೆ ಅಲ್ಲಿವರೆಗೆ ಕಾಯಬೇಕಿಲ್ಲ. ಭಾಷಣ ಬೇಡ, ಮಾಡಿ ತೋರಿಸಿ. ನಾಯಿ ಬೆನ್ನಟ್ಟಿದರೆ ಓಡದೆ, ಕೈ ಮೈಗಂಟಿಸಿ ಗಿಡದ ಹಾಗೆ ನಿಲ್ಲುವುದು. ತಿನ್ನುವ, ಮಲಗಿದ, ಮರಿ ಇರುವ ನಾಯಿಯ ಹತ್ತಿರ ಹೋಗದಿರುವುದು. ಕಚ್ಚಿದರೆ ಖಾರದಪುಡಿ, ಸುಣ್ಣ ಹಚ್ಚದೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗುವುದು. ಬೈಸಿಕೊಳ್ಳುವ ಹೆದರಿಕೆಗೆ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ‘ಹೇಳಿದರೆ ಯಾರೂ ಬಡಿಯಲ್ಲ’ ಎಂದು ಮೇಷ್ಟ್ರ ಬಾಯಲ್ಲೇ ಹೇಳಿಸಿ.

ನಮ್ಮಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ‘ಕಿವಿ ಕತ್ತರಿಸಿದ್ರ ಅದಕ್ಕ ನೋವಾಗಂಗಿಲ್ಲೇನ್ರಿ?’ ಎಂದು ಕೇಳಿದ. ಅಮಲಿನಲ್ಲಿರುವಾಗಲೇ ಕತ್ತರಿಸುತ್ತಾರೆ ಎಂದೆ. ಪೂರ್ತಿ ನಂಬಿದಂತೆ ಕಾಣಲಿಲ್ಲ. ವಾರದೊಳಗೆ ಅವನ ತಂಡ ನೋಟ್‌ಬುಕ್ಕಿನ ಎರಡು ಪುಟ ತುಂಬಿಸಿ ತಂದಿತು. ಬಣ್ಣ, ಬಾಲ, ಕಿವಿಯ ಕಚ್ಚು, ಜೊತೆಗೆ ತಾವೇ ಇಟ್ಟ ಹೆಸರು. ಅಂಥ ಪುಟವನ್ನೇ ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.